ಸೊನ್ನೆ ಬರೆಯದ ಅತ್ತಿಗೆ

೧

ಈ ಕಥೆಯನ್ನು ಯಾವ ತುದಿಯಿಂದ ಹಿಡಿಯಬೇಕೆಂಬುದು ನನಗೂ ನಮ್ಮ ಅತ್ತಿಗೆಗೂ ಇನ್ನೂ ಇತ್ಯರ್ಥವಾಗದ ಜಗಳ. ಕಥೆ ಅವರದು, ಬರೆಯುವವಳು ನಾನು. ನಾನು ಸಾವಿನಿಂದ ಶುರುಮಾಡಿದ್ದೆ: ‘ಕೋಳಿ ಶೆಡ್ಡಿನ ಮೊದಲ ಕೆಲಸಗಾರ ಗುರುವಾರ ಮಧ್ಯಾಹ್ನ ತೀರಿಕೊಂಡ.’ ಅತ್ತಿಗೆ ಓದಿದರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು.

“ಹೆಣ ಬಿದ್ರೇನೇ ನಿನಗೆ ಕಥೆ ಕಾಣೋದಾ ಪುಟ್ಟಿ? ಅದಕ್ಕೆ ಹದಿನಾಲ್ಕು ವಾರ ಮುಂಚೇನೇ ಶುರುವಾಗಿತ್ತು.”

(ಪುಟ್ಟಿ ಎಂದರೆ ನಾನು. ನಲವತ್ಮೂರು ವರ್ಷ, ಮಂಡಿನೋವು, ಯಾರೂ ಅಚ್ಚು ಹಾಕದ ಎರಡು ಕಾದಂಬರಿ. ಆದರೂ ಪುಟ್ಟಿಯೇ.)

ಸರಿ, ಆ ಕರಡು ಹರಿದೆ. ಇನ್ನೊಮ್ಮೆ ನೋಡೋಣ.

೧ (ಮತ್ತೆ)

ಅತ್ತಿಗೆ ಜಿಲ್ಲಾ ಆಸ್ಪತ್ರೆಯ ಲ್ಯಾಬ್ ಟೆಕ್ನಿಷಿಯನ್. ರಕ್ತ, ಕಫ ನೋಡುವುದರ ಜೊತೆಗೆ ಹನ್ನೊಂದು ವರ್ಷದಿಂದ ಅವರಿಗೆ ಇನ್ನೊಂದು ಕೆಲಸವಿತ್ತು. ಜ್ವರ, ಕೆಮ್ಮು ಎಂದು ಬಂದವರಲ್ಲಿ ಕೆಲವರ ಮೂಗು, ಗಂಟಲಲ್ಲಿ ಹತ್ತಿಯ ಕಡ್ಡಿ ಆಡಿಸಿ, ಅದನ್ನು ಗುಲಾಬಿ ಬಣ್ಣದ ದ್ರವವಿರುವ ಟ್ಯೂಬಿನೊಳಗೆ ಮುರಿದುಹಾಕಿ, ಐಸ್ ಪೆಟ್ಟಿಗೆಯಲ್ಲಿಟ್ಟು ರಾಜಧಾನಿಯ ಲ್ಯಾಬಿಗೆ ಕಳಿಸುವುದು. ಈ ಸಲ ಯಾವ ಫ್ಲೂ ಓಡಾಡುತ್ತಿದೆ, ಹೊಸದೇನಾದರೂ ನುಸುಳಿದೆಯೇ ಎಂದು ಅಲ್ಲಿ ಪರೀಕ್ಷೆ ಮಾಡುತ್ತಾರೆ. ಇಡೀ ದೇಶದಲ್ಲಿ ಇಂಥ ಆಸ್ಪತ್ರೆಗಳು ಒಂಬತ್ತು. ಒಂಬತ್ತು ಕಿಟಕಿ ಎಂದುಕೊಳ್ಳಿ.

(ಈ ಉಪಮೆ ಅತ್ತಿಗೆಗೆ ಹಿಡಿಸಲಿಲ್ಲ. ಕಿಟಕಿ ಒಂದು ಸಲ ತೆರೆದರೆ ತೆರೆದೇ ಇರುತ್ತೆ, ಇದನ್ನು ದಿನಾ ತೆರೆಯಬೇಕು ಎಂದರು. ಇರಲಿ ಬಿಡಿ, ಹೊಡೆದುಹಾಕಿಲ್ಲ.)

ಇದನ್ನೆಲ್ಲ ನಡೆಸುತ್ತಿದ್ದದ್ದು ಹೊರದೇಶದವರ ಪ್ರಾಜೆಕ್ಟು. ಐದು ವರ್ಷಕ್ಕೆಂದು ಬಂದದ್ದು, ಎರಡು ಸಲ ಎಳೆದಾಡಿಕೊಂಡು ಈ ಮಾರ್ಚಿನಲ್ಲಿ ಮುಗಿಯಿತು. ಬೀಳ್ಕೊಡುಗೆ ಸಭೆಯಾಯಿತು, ಗ್ರೂಪ್ ಫೋಟೋ ಆಯಿತು. ಆಮೇಲೆ ಮೊದಲು ನಿಂತದ್ದು ಟ್ಯೂಬುಗಳನ್ನು ಒಯ್ಯುವ ವ್ಯಾನು. ಹಿಂದೆಯೇ ರಾಜಧಾನಿಯ ಲ್ಯಾಬಿನಲ್ಲಿ ಪರೀಕ್ಷೆಯ ರಾಸಾಯನಿಕ ಖಾಲಿಯಾಯಿತು. ಮೇಲಿನಿಂದ ಆದೇಶ ಬಂತು: ಸದ್ಯಕ್ಕೆ ಮಾದರಿ ಕಳಿಸಬೇಡಿ, ಆದರೆ ಪ್ರತಿ ಸೋಮವಾರ ಕಂಪ್ಯೂಟರಿನಲ್ಲಿ ಫಾರಂ ಮಾತ್ರ ತುಂಬಿ.

ಫಾರಮ್ಮಿನಲ್ಲಿ ಒಂದು ಚೌಕ. ಎಷ್ಟು ಜನರಲ್ಲಿ ಫ್ಲೂ ಸಿಕ್ಕಿತು? ಪರೀಕ್ಷೆಯೇ ಇಲ್ಲದ ಮೇಲೆ ಸಿಗುವುದೇನು? ಅತ್ತಿಗೆ ಸೊನ್ನೆ ಹಾಕಿದರು. ಸೊನ್ನೆ ಬಿದ್ದ ಕೂಡಲೇ ಇಲಾಖೆಯ ಆನ್‌ಲೈನ್ ನಕ್ಷೆಯಲ್ಲಿ ನಮ್ಮ ಜಿಲ್ಲೆಗೆ ಹಸಿರು ಬಣ್ಣ ಬರುತ್ತಿತ್ತು. ಹದಿನಾಲ್ಕು ಸೋಮವಾರ ಹಸಿರು. ಒಂಬತ್ತೂ ಆಸ್ಪತ್ರೆಗಳದು ಅದೇ ಕಥೆ. ಯಾವುದೋ ಮೀಟಿಂಗಿನಲ್ಲಿ ಅಧಿಕಾರಿಯೊಬ್ಬರು ಆ ನಕ್ಷೆ ತೋರಿಸಿ ಎಲ್ಲರಿಂದ ಚಪ್ಪಾಳೆ ತಟ್ಟಿಸಿದರಂತೆ. ಅತ್ತಿಗೆಯೂ ತಟ್ಟಿದರಂತೆ. ಇದನ್ನು ಬರೆಯಲೇಬೇಕೆಂದು ಹೇಳಿದವರು ಅವರೇ.

೨

ಹದಿನೈದನೆಯ ವಾರ ಕೋಳಿ ಕತ್ತರಿಸುವ ಶೆಡ್ಡಿನಿಂದ ಮೂವರು ವಾರ್ಡಿಗೆ ಬಂದರು. ಸೋಮವಾರ ಒಬ್ಬ, ಮಂಗಳವಾರ ಇಬ್ಬರು. ಮೂವರೂ ಮೂವತ್ತರ ಒಳಗಿನ ಗಟ್ಟಿಮುಟ್ಟು ಆಳುಗಳು, ಮೂವರಿಗೂ ಎರಡು ವಾಕ್ಯ ಆಡುವಷ್ಟು ಉಸಿರಿರಲಿಲ್ಲ. ವಾರ್ಡಿನ ಡಾಕ್ಟರು ಎಕ್ಸ್‌ರೇ ಹಿಡಿದುಕೊಂಡು ಲ್ಯಾಬಿಗೆ ಬಂದು, ಊರಲ್ಲಿ ಏನು ಓಡಾಡುತ್ತಿದೆ ಎಂದು ಕೇಳಿದರು. ಅತ್ತಿಗೆ ಗೊತ್ತಿಲ್ಲವೆಂದರು. ಡಾಕ್ಟರು ಫೋನಿನಲ್ಲಿ ನಕ್ಷೆ ತೆಗೆದು ತೋರಿಸಿದರು.

“ಇದರಲ್ಲಿ ಏನೂ ಇಲ್ಲ ಅಂತ ಇದೆಯಲ್ಲ?”

“ಅದನ್ನ ಬರೆದೋಳು ನಾನೇ ಡಾಕ್ಟ್ರೇ,” ಎಂದರು ಅತ್ತಿಗೆ.

ಆ ಸಂಜೆ ಅವರು ಮನೆಯ ಮುಂಬಾಗಿಲಿಂದ ಬರಲಿಲ್ಲ. ಹಿತ್ತಲ ನಲ್ಲಿಯ ಕೆಳಗೆ ತಲೆಗೆ ನೀರು ಹುಯ್ದುಕೊಂಡು, ಬಟ್ಟೆಯನ್ನು ಬಕೆಟ್ಟಿನಲ್ಲಿ ನೆನೆಹಾಕಿ ಒಳಗೆ ಬಂದರು. ಅಣ್ಣನ ಹಾಸಿಗೆಯನ್ನು ಮುಂದಿನ ಕೋಣೆಗೆ ಹಾಕಿಸಿದರು. ಅಣ್ಣನಿಗೆ ಚಿಕ್ಕಂದಿನಲ್ಲಿ ಬಂದ ಕಾಯಿಲೆಯಿಂದ ಎಡಗಡೆಯ ಶ್ವಾಸಕೋಶ ಇದ್ದೂ ಇಲ್ಲದ ಹಾಗೆ. ಅವನು ತನ್ನ ದಿಂಬನ್ನು ತಾನೇ ಎತ್ತಿಕೊಂಡು ಹೋದ. ಅದನ್ನು ನೋಡಿ ನಾನು ಆ ಕೋಣೆಯ ಕಿಟಕಿಗಳನ್ನೆಲ್ಲ ತೆರೆದೆ.

ಮರುದಿನ ಅತ್ತಿಗೆ ಫ್ರಿಜ್ಜಿನ ಮೂಲೆಯಿಂದ ಗುಲಾಬಿ ದ್ರವದ ಟ್ಯೂಬುಗಳನ್ನು ತೆಗೆದರು. ಹನ್ನೊಂದು ಉಳಿದಿದ್ದವು. ಯಾರ ಅಪ್ಪಣೆಗೂ ಕಾಯದೆ ಮೂವರ ಮೂಗಿಗೂ ಕಡ್ಡಿ ಹಾಕಿದರು. ಕಳಿಸಲು ವ್ಯಾನಿಲ್ಲವಲ್ಲ, ಗುರುವಾರ ಬೆಳಿಗ್ಗೆ ಬಸ್ಸು ಹತ್ತಿದೆವು. ಅವರು ಕಿಟಕಿ ಪಕ್ಕ, ನಾನು ನಡುವೆ, ಐಸ್ ಪೆಟ್ಟಿಗೆ ನನ್ನ ತೊಡೆಯ ಮೇಲೆ.

೪

(ಮೂರನೆಯದು ಬಸ್ಸಿನ ವರ್ಣನೆ. ನಾಲ್ಕು ಪುಟವಿತ್ತು. ಅತ್ತಿಗೆ ಓದುತ್ತಾ ಓದುತ್ತಾ ನಿದ್ದೆ ಹೋದರು, ತೆಗೆದುಹಾಕಿದ್ದೇನೆ.)

ಒಂದು ಮಾತು ಮಾತ್ರ ಉಳಿಸಿಕೊಳ್ಳುತ್ತೇನೆ. ಪಕ್ಕದ ಹೆಂಗಸು ಪೆಟ್ಟಿಗೆಯಲ್ಲಿ ಮೀನಿದೆಯೇ ಎಂದು ಕೇಳಿದಳು, ನಾನು ಹೌದೆಂದೆ. ಅವಳು ತನ್ನ ಕೈಚೀಲವನ್ನು ಅದರ ಮೇಲೆ ಇಟ್ಟುಕೊಂಡು ಆರಾಮಾಗಿ ಒರಗಿದಳು. ಟ್ಯೂಬಿಗೆ ಮೂರು ಸುತ್ತು ಹೊದಿಕೆಯಿದೆ, ಸೋರಲು ಸಾಧ್ಯವೇ ಇಲ್ಲ ಎಂದು ಅತ್ತಿಗೆ ಹತ್ತು ಸಲ ಹೇಳಿದ್ದರು. ಆದರೂ ಆರು ಗಂಟೆ ಕಾಲ ನಾನು ಅರ್ಧ ಉಸಿರೇ ಆಡಿದ್ದು. ದಾರಿಯಲ್ಲಿರುವಾಗಲೇ ಡಾಕ್ಟರ ಫೋನು ಬಂತು. ನನ್ನ ಹಳೆಯ ಮೊದಲ ವಾಕ್ಯ ಆಗ ನಿಜವಾಯಿತು.

ರಾಜಧಾನಿಯ ಲ್ಯಾಬಿನ ಮುಖ್ಯಸ್ಥೆಯ ದನಿಯನ್ನು ಅತ್ತಿಗೆ ಹನ್ನೊಂದು ವರ್ಷದಿಂದ ಫೋನಿನಲ್ಲಿ ಕೇಳಿದ್ದರು, ಮುಖ ನೋಡಿದ್ದು ಅವತ್ತೇ. ಆರು ಕುರ್ಚಿಯ ಕೋಣೆಯಲ್ಲಿ ಅವರೊಬ್ಬರೇ ಕೂತಿದ್ದರು. ಮಿಕ್ಕ ಐದು ಜನ ಪ್ರಾಜೆಕ್ಟಿನ ಜೊತೆಗೇ ಹೋಗಿದ್ದರು. ತಾರೀಖು ದಾಟಿ ಎರಡು ತಿಂಗಳಾದ ಒಂದು ಪರೀಕ್ಷೆಯ ಕಿಟ್ಟನ್ನು ಅವರು ಎತ್ತಿಟ್ಟಿದ್ದರು, ಇಂಥದ್ದೇ ದಿನಕ್ಕೆಂದು. ಅದು ಇನ್ನೂ ಕೆಲಸ ಮಾಡುತ್ತದೆಯೇ ಎಂದು ಮೊದಲು ಪರೀಕ್ಷಿಸಿ, ಆಮೇಲೆ ನಮ್ಮ ಮೂರು ಟ್ಯೂಬುಗಳಿಂದ ಒಂದಿಷ್ಟು ತೆಗೆದು ಯಂತ್ರಕ್ಕೆ ಹಾಕಿದರು. ನಾವಿಬ್ಬರೂ ಗಾಜಿನ ಆಚೆ ಬೆಂಚಿನ ಮೇಲೆ ಕೂತೆವು. ಎರಡು ಗಂಟೆ ಕಳೆದ ಮೇಲೆ ಅವರು ಹೊರಗೆ ಬಂದಾಗ ಮಾಸ್ಕ್ ತೆಗೆದಿರಲಿಲ್ಲ.

“ಮೂರೂ ಫ್ಲೂ. ಆದ್ರೆ ಪ್ರತಿ ವರ್ಷ ಬರೋ ಯಾವ ಜಾತೀನೂ ಅಲ್ಲ.”

“ಮತ್ತೆ ಯಾವುದು ಮೇಡಂ?”

“ಅದನ್ನ ಹೇಳೋ ಸಾಮಾನು ನನ್ನ ಹತ್ತಿರ ಇಲ್ಲಮ್ಮ. ಹೊರದೇಶಕ್ಕೆ ಕಳಿಸ್ಬೇಕು.” ಕೈಗವಸು ಕಳಚಿ ಬುಟ್ಟಿಗೆ ಹಾಕಿದರು. “ಕೋಳಿಯಿಂದ ಬಂದಿದ್ರೆ ಶೆಡ್ ಮುಚ್ಚಿಸಬಹುದು. ಮನುಷ್ಯರಿಂದ ಮನುಷ್ಯರಿಗೆ ಹರಡೋಕೆ ಶುರುವಾಗಿದ್ರೆ ಏನನ್ನ ಮುಚ್ಚೋದು?”

ನಾನು ಹೋಗಿ ಮೂರು ಸಲ ಕೈ ತೊಳೆದುಕೊಂಡು ಬಂದೆ.

೫

ಸೋಮವಾರ ಬಂತು. ತಾರೀಖು ದಾಟಿದ ಕಿಟ್ಟಿನ ಫಲಿತಾಂಶವನ್ನು ಫಾರಮ್ಮಿನ ಲೆಕ್ಕಕ್ಕೆ ಸೇರಿಸುವಂತಿರಲಿಲ್ಲ. ಫಾರಂ ತೆರೆದ ಅತ್ತಿಗೆ ಚೌಕದಲ್ಲಿ ‘ಮಿಕ್ಕವರ ಪರೀಕ್ಷೆ ಮಾಡಿಲ್ಲ’ ಎಂದು ಬರೆಯಲು ನೋಡಿದರು. ಕಂಪ್ಯೂಟರು ಅಕ್ಷರ ಒಪ್ಪಲಿಲ್ಲ. ಚೌಕವನ್ನು ಖಾಲಿ ಬಿಟ್ಟು ಕಳಿಸಿದರು. ಹತ್ತು ನಿಮಿಷದಲ್ಲಿ ನಕ್ಷೆಯಲ್ಲಿ ನಮ್ಮ ಜಿಲ್ಲೆ ಬೂದಿ ಬಣ್ಣಕ್ಕೆ ತಿರುಗಿತು, ಅರ್ಧ ಗಂಟೆಯಲ್ಲಿ ಮುಖ್ಯ ಕಚೇರಿಯಿಂದ ಫೋನು ಬಂತು. ಅಧಿಕಾರಿ ಬೈಯಲಿಲ್ಲ. ಮೂರು ಮಾದರಿಯ ವಿಷಯ ಬೇರೆ, ಅದಕ್ಕೆ ಪ್ರತ್ಯೇಕ ಕಾಗದ ಹೋಗುತ್ತದೆ, ಖಾಲಿ ಕಂಡರೆ ಮೇಲಿನವರು ಗಾಬರಿಯಾಗುತ್ತಾರೆ, ಒಂದು ಸೊನ್ನೆ ಹಾಕಿಬಿಡಿ ಎಂದು ಸಮಾಧಾನವಾಗಿಯೇ ಹೇಳಿದರು.

“ಸೊನ್ನೆ ಅಂದ್ರೆ ಹುಡುಕಿದ್ವಿ, ಸಿಗಲಿಲ್ಲ ಅಂತ ಸಾರ್,” ಎಂದರು ಅತ್ತಿಗೆ. “ಆ ಮೂವರನ್ನ ಬಿಟ್ರೆ ನಾವು ಹುಡುಕೇ ಇಲ್ಲ. ಗಾಬರಿ ಆಗ್ಲಿ ಬಿಡಿ. ನನಗೆ ಆಗಿದೆ.”

(ಇಲ್ಲಿ ನಾನು ಅವರಿಗೆ ಒಂದು ಪುಟದ ಭಾಷಣ ಬರೆದುಕೊಟ್ಟಿದ್ದೆ. ಅಷ್ಟೆಲ್ಲ ಮಾತಾಡೋ ಧೈರ್ಯ ನನಗೆಲ್ಲಿತ್ತು ಎಂದು ಹೊಡೆದುಹಾಕಿದರು.)

ಮುಂದಿನ ಸೋಮವಾರ ಇನ್ನೆರಡು ಆಸ್ಪತ್ರೆಗಳು ಚೌಕ ಖಾಲಿ ಬಿಟ್ಟವು. ಯಾರು ಹೇಳಿಕೊಟ್ಟರೋ ಗೊತ್ತಿಲ್ಲ. ಶೆಡ್ಡಿಗೆ ಬ್ಲೀಚಿಂಗ್ ಪೌಡರ್ ಹಾಕಿ ಒಂದು ವಾರ ಮುಚ್ಚಿದರು, ಮತ್ತೆ ತೆರೆದರು. ಎರಡನೆಯವನು ತೀರಿಕೊಂಡ. ಮೂರನೆಯವನು ಗೋಡೆ ಹಿಡಿದುಕೊಂಡು ನಡೆದು ಮನೆಗೆ ಹೋದ. ಮಾದರಿಗಳು ವಿಮಾನ ಹತ್ತಲು ಮೂರು ಸಹಿ ಬೇಕಿತ್ತು. ಒಂಬತ್ತು ದಿನ ಹಿಡಿಯಿತು.

೬

ಆ ಒಂಬತ್ತು ದಿನಗಳ ನಡುವೆ ಅಣ್ಣ ಕೆಮ್ಮಿದ. ಬೆಳಿಗ್ಗೆ ಒಂದು ಸಲ. ನಾನು ಅಡುಗೆಮನೆಯಲ್ಲಿ ಕೈಯಲ್ಲಿದ್ದ ಪಾತ್ರೆಯನ್ನು ಹಾಗೇ ಹಿಡಿದು ನಿಂತೆ. ಮತ್ತೆ ಕೆಮ್ಮಿದ.

ಟ್ಯೂಬು ಎಂಟು ಉಳಿದಿದ್ದವು. ಒಂದನ್ನು ತಂದು ಅಣ್ಣನಿಗೆ ಕಡ್ಡಿ ಹಾಕಿ ಎಂದು ಅತ್ತಿಗೆಯನ್ನು ಕೇಳಿದೆ. ಜ್ವರವಿಲ್ಲ, ನಿಯಮದ ಪ್ರಕಾರ ಜ್ವರವೂ ಇರಬೇಕು ಎಂದರು. ನಾನು ಆಡಬಾರದ್ದನ್ನು ಆಡಿದೆ. ಗಂಡನಿಗಿಂತ ನಿಮಗೆ ನಿಯಮ ಹೆಚ್ಚಾಯಿತೇ ಎಂದೆ. ಅವರು ಕೈ ತೊಳೆದು ಮಾಸ್ಕ್ ಹಾಕಿಕೊಂಡರು. ಮುಂದಿನ ಕೋಣೆಯ ಬಾಗಿಲಲ್ಲಿ ನಿಂತು, ಮಣಿಕಟ್ಟಿನ ಗಡಿಯಾರ ನೋಡುತ್ತಾ, ಅಣ್ಣನ ಎದೆ ಏರಿ ಇಳಿಯುವುದನ್ನು ನಿಮಿಷಕ್ಕೆ ಎಷ್ಟೆಂದು ಎಣಿಸಿದರು. ಗಂಟೆಗೊಮ್ಮೆ ಎಣಿಸಿದರು. ಊಟ ಮಾಡಲಿಲ್ಲ. ಅಣ್ಣ ಪೇಪರಿನ ಮರೆಯಲ್ಲಿ ಮುಖವಿಟ್ಟುಕೊಂಡು ಅದೇ ಪುಟ ಓದುತ್ತಲೇ ಇದ್ದ. ಮೂರನೆಯ ದಿನ ಕೆಮ್ಮು ತಾನಾಗಿ ನಿಂತಿತು. ಬರೀ ನೆಗಡಿಯಿರಬೇಕು. ಗೊತ್ತಿಲ್ಲ. ಯಾರೂ ನೋಡಿಲ್ಲವಲ್ಲ.

೭

ಈಗ ಮುಗಿಸಬೇಕು. ಮೂರು ಮುಕ್ತಾಯ ಬರೆದು ಅತ್ತಿಗೆಯ ಮುಂದಿಟ್ಟೆ.

ಒಂದು: ಹೊರದೇಶದ ಲ್ಯಾಬಿನಿಂದ ಉತ್ತರ ಬರುತ್ತದೆ, ಭಯಪಡುವಂಥದ್ದೇನಲ್ಲ. ಇದು ನಿನ್ನ ಆಸೆ, ಕಥೆಯಲ್ಲ ಎಂದರು. ಎರಡು: ಸರ್ಕಾರ ಎಚ್ಚೆತ್ತು ವ್ಯಾನು, ರಾಸಾಯನಿಕ, ಐದು ಜನ ಎಲ್ಲವನ್ನೂ ವಾಪಸು ಕೊಡುತ್ತದೆ. ನಕ್ಕರು. ಮೂರನೆಯದನ್ನು ಓದಿ ನಗಲಿಲ್ಲ. ಹಾಳೆಯನ್ನು ಮಡಚಿ ಅಣ್ಣನ ಕೈಗೆ ಸಿಗದ ಕಡೆ ಇಟ್ಟರು. ಅದನ್ನು ನಿಮಗೂ ಓದಿ ಹೇಳುವುದಿಲ್ಲ.

ಇವತ್ತು ಮಂಗಳವಾರ, ಮಧ್ಯಾಹ್ನ ನಾಲ್ಕು ಗಂಟೆ. ಉತ್ತರ ಇನ್ನೂ ಬಂದಿಲ್ಲ. ನಾನು ನಾಲ್ಕನೆಯ ಮುಕ್ತಾಯಕ್ಕೆ ಕೂತಿದ್ದಾಗ ಅತ್ತಿಗೆಗೆ ಫೋನು ಬಂತು. ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತೆ. ಶೆಡ್ಡಿನಿಂದ ನಾಲ್ಕು ಬೀದಿ ಆಚೆ ಬಟ್ಟೆ ಹೊಲಿಯುವ ಹೆಂಗಸೊಬ್ಬಳಿಗೆ ಮೂರು ದಿನದಿಂದ ಜ್ವರವಂತೆ, ಈಗ ಉಸಿರು ಸಿಗುತ್ತಿಲ್ಲವಂತೆ. ಕೋಳಿ ಮುಟ್ಟುವವಳಲ್ಲ, ಶೆಡ್ಡಿನ ಕಡೆ ಹೋದವಳೂ ಅಲ್ಲ. ಗೋಡೆ ಹಿಡಿದು ಮನೆಗೆ ಹೋದನಲ್ಲ, ಅವನ ಮೈಯಳತೆ ತೆಗೆದು ಕಳೆದ ವಾರ ಒಂದು ಅಂಗಿ ಹೊಲಿದುಕೊಟ್ಟಿದ್ದಳಂತೆ.

ಅತ್ತಿಗೆ ಒಂದೇ ಪ್ರಶ್ನೆ ಕೇಳಿದರು.

“ಆ ಮನೇಲಿ ಎಷ್ಟು ಜನ ಇದ್ದಾರೆ?”

ಉತ್ತರವನ್ನು ನನ್ನದೇ ಕರಡಿನ ಅಂಚಿನಲ್ಲಿ ಬರೆದುಕೊಂಡರು: ಏಳು. ಆಮೇಲೆ ಎರಡು ಮಾಸ್ಕ್ ತೆಗೆದು, ಒಂದನ್ನು ನನ್ನ ಮುಂದಿಟ್ಟರು.

“ಬರೆದಿದ್ದು ಸಾಕು. ಸ್ಕೂಟರ್ ತೆಗಿ.”

ಓದುಗರೇ, ಹೋಗಲೇಬೇಕೆಂದು ನನಗೆ ಗೊತ್ತು. ಹೋಗಲು ಇಷ್ಟವಿಲ್ಲ. ಅವರು ಆಗಲೇ ಮೆಟ್ಟಿಲು ಇಳಿದಾಗಿದೆ, ನಾನು ಇನ್ನೂ ಈ ವಾಕ್ಯವನ್ನು ಬೇಕೆಂದೇ ಉದ್ದ ಮಾಡುತ್ತಿದ್ದೇನೆ