ದೊಡ್ಡಿಗೊಬ್ಬ ಹೊಸ ದೊರೆ

ದೆಹಲಿಯಲ್ಲಿ ಹೆಂಗಸೊಬ್ಬಳು ಪ್ರಧಾನಿಯಾದಳೆಂದು ಟೀ ಅಂಗಡಿಯ ರೇಡಿಯೊ ಹೇಳಿದಾಗ ತಮಿಳು ಸೀಮೆಯ ಓಡೈಪಟ್ಟಿಯ ಕನ್ನಡಿಗ ಗಂಡಸರು ಟೀ ಆರುವವರೆಗೂ ಬಾಯಿ ಬಿಟ್ಟುಕೊಂಡು ಕೂತಿದ್ದರು. ಕಣ್ಣಮ್ಮಾಳಿಗೆ ಮಾತ್ರ ಆಸೆ ಚಿಗುರಿತು. ಗಂಡ ರಾಮರ್ ಸತ್ತ ಮೇಲೆ, ಅವಳ ದ್ರಾಕ್ಷಿ ತೋಟದ ಕಾಲುವೆ ಸರದಿಯನ್ನು ಮೈದುನ ಮುತ್ತಯ್ಯ ನುಂಗಿ ನೀರು ಕುಡಿದಿದ್ದ. ಬಳ್ಳಿ ಒಣಗುತ್ತಿತ್ತು. ನ್ಯಾಯ ಕೇಳೋಣವೆಂದರೆ ಕುಲದ ಕೂಟ ಸೇರುವುದು ದೇವರ ದನದ ದೊಡ್ಡಿಯೊಳಗೆ; ಅಲ್ಲಿಗೆ ಹೆಣ್ಣು ಕಾಲಿಡುವಂತಿಲ್ಲ.

ಕೂಟದ ದಿನ ಬೇಲಿಯಾಚೆ ನಿಂತು ಕೂಗಿದಳು: “ಮಾವಾ, ದೆಲ್ಲೀಲಿ ಪೊಂಬಳೆ ನಾಡಾಳ್ತಾಳೆ. ನಾನು ಒಳಗ್ ಬಂದು ನನ್ ಕಾಲುವೆ ತಣ್ಣಿ ಕೇಳಕೂಡದಾ?”

“ದೆಲ್ಲಿ ದೂರ ಐತೆ ತಾಯೀ,” ಎಂದ ಕುಲದ ಹಿರಿಯ ಪೆರಿಯಣ್ಣನ್. “ದೊಡ್ಡಿ ಇಲ್ಲೇ ಐತೆ.”

ಅವತ್ತು ಮಂದೆಗೆ ಹೊಸ ಪಟ್ಟದ ಹೋರಿಯನ್ನು ಆರಿಸಬೇಕಿತ್ತು. ಕಬ್ಬಿನ ಜಲ್ಲೆ ಹಿಡಿದು ನಿಂತರೆ ಮೊದಲು ಬಂದು ಬಾಯಿ ಹಾಕಿದ್ದೇ ದೊರೆ. ಅದು ದೇವರ ಮಾತು, ತಿದ್ದುವ ಹಾಗಿಲ್ಲ. ಹೋರಿಗಳೆಲ್ಲ ಮೂತಿ ತಿರುಗಿಸಿದವು. ತುಂಬು ಗಬ್ಬದ ಕೆಂದ ಹಸುವೊಂದು ಬಂದು ಕರಕರ ಅಗಿಯತೊಡಗಿತು.

ಕೂಟಕ್ಕೆ ತಲೆ ಕೆಟ್ಟುಹೋಯಿತು. ದೇವರು ತಪ್ಪುವಂತಿಲ್ಲ, ಹೆಣ್ಣು ಆಳುವಂತಿಲ್ಲ. ಎಲೆಯಡಿಕೆ ಮುಗಿಯುವಷ್ಟರಲ್ಲಿ ತೀರ್ಪು ಬಂತು: ಹಸು ಗಂಡು. ಕೊಂಬಿಗೆ ರುಮಾಲು ಸುತ್ತಿ, ಎಲ್ಲರೂ ಭಕ್ತಿಯಿಂದ ಅಡ್ಡಬಿದ್ದರು.

ಅವರು ಏಳುವ ಮೊದಲೇ ಪಟ್ಟದ ಹೋರಿಗೆ ಹೆರಿಗೆ ನೋವು ಬಂತು. ಈಯುವ ಹೊತ್ತಿಗೆ ಹಸುಗಳನ್ನು ಹೆಂಗಸರ ಬಳಿ ಮನೆಗೆ ಕಳಿಸುವುದು ವಾಡಿಕೆ; ಗಂಡಸರಿಗೆ ಆ ಕೆಲಸ ಬಾರದು. ದೊರೆಯಾದದ್ದು ದೊಡ್ಡಿ ಬಿಟ್ಟು ಹೋಗುವುದೆಂತು? ಕರುವಿನ ಒಂದೇ ಕಾಲು ಹೊರಬಂದು ಸಿಕ್ಕಿಕೊಂಡಿತು. ಗಂಡು ಈಯುವುದು ಶಾಸ್ತ್ರಕ್ಕೆ ವಿರುದ್ಧ ಎಂದು ಮುತ್ತಯ್ಯ ವಾದ ಹೂಡಿದ. ಹಸು ಅರಚಿತು.

“ನಿನ್ನೂ ಆಂಬಳೆ ಅಂತ ತೀರ್ಪು ಮಾಡ್ತೀವಿ. ಬೇಗ ಬಾ ತಾಯೀ!” ಪೆರಿಯಣ್ಣನ್ ಬೇಲಿಯಾಚೆಗಿದ್ದ ಕಣ್ಣಮ್ಮಾಳನ್ನು ಗೋಗರೆದ.

ಗಂಡಸಾಗಿಬಿಟ್ಟರೆ ನೀರು ಸುಲಭವಾಗಿ ಸಿಗುತ್ತಿತ್ತು. ಕಣ್ಣಮ್ಮಾಳಿಗೆ ಅದು ಬೇಡವಾಗಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಒಳನುಗ್ಗಿದಳು.

“ನಾನು ಪೊಂಬಳೆಯಾಗೇ ಬಂದಿವ್ನಿ ಮಾವಾ,” ಎಂದಳು, ಮೊಣಕೈವರೆಗೆ ಕೈ ಹಾಕುತ್ತಾ. “ಇವಳೂ ಪೊಂಬಳೆ. ಹೊರಗಾಕೋದಿದ್ರೆ ಇಬ್ರನ್ನೂ ಈಗ್ಲೇ ಹಾಕು.”

ಒಳಗೆ ಮಡಚಿಕೊಂಡಿದ್ದ ಇನ್ನೊಂದು ಕಾಲನ್ನು ಹುಡುಕಿ ಎಳೆದಳು. ಕರು ಜಾರಿ ನೆಲಕ್ಕೆ ಬಿತ್ತು, ಒದರಿತು. ಪೆರಿಯಣ್ಣನ್ ಕೂಟದತ್ತ ತಿರುಗಿದ.

“ನಾಳೆಯಿಂದ ತಣ್ಣಿ ಸರದಿ... ರಾಮರ್ ಹೆಂಡ್ತಿಗೆ.”

ಕಣ್ಣಮ್ಮಾಳ್ ರಕ್ತದ ಕೈಯಲ್ಲೇ ನಿಂತಿದ್ದಳು, ಕದಲಲಿಲ್ಲ. ಪೆರಿಯಣ್ಣನ್ ಮುತ್ತಯ್ಯನನ್ನು ನೋಡಿದ, ಹಸುವನ್ನು ನೋಡಿದ.

“ಕಣ್ಣಮ್ಮಾಳ್‌ಗೆ,” ಎಂದ.

ಆ ದೊಡ್ಡಿಯೊಳಗೆ ಹೆಣ್ಣಿನ ಹೆಸರೊಂದು ಕೇಳಿಬಂದದ್ದು ಅದೇ ಮೊದಲು.