ಹನ್ನೆರಡು ಹಸಿರು ಚೌಕ

"ಸ್ಪೀಕರ್ ಆರಿಸಿಬಿಡು," ಎಂದ ದೌಲೆತ್, ಕುರ್ಚಿಯ ಹಿಂದಿನಿಂದ.

ಮರ್ಜಾನಳ ಕೈ ಮೌಸಿನ ಮೇಲೆ ಹಾಗೇ ನಿಂತಿತು. ಕಂಪ್ಯೂಟರಿನ ಪರದೆಯಲ್ಲಿ ಹನ್ನೆರಡು ಹಸಿರು ಚೌಕಗಳಿದ್ದವು. ಹೊರಗಿನ ಮೈದಾನದ ಹನ್ನೆರಡು ಕಂಬಗಳ ಧ್ವನಿವರ್ಧಕಗಳಿಗೆ ಒಂದೊಂದು. ಯಾವುದು ಬಿಸಿಯಾಗಿದೆ, ಯಾವುದು ಸೋತಿದೆ ಎಂಬುದನ್ನೆಲ್ಲ ಸಂಸ್ಕೃತಿ ಭವನದ ಎರಡನೇ ಮಹಡಿಯ ಈ ಕೋಣೆಯಲ್ಲಿ ಕೂತೇ ನೋಡಬಹುದಿತ್ತು. ಪ್ರತಿ ಚೌಕದೊಳಗೂ ಒಂದು ಪಟ್ಟಿ ಮಾತಿಗೆ ತಕ್ಕಂತೆ ಏರಿ ಇಳಿಯುತ್ತಿತ್ತು. ಆ ಮಾತು ಕುಲ್ಯಾಶಳದು. ವಸಂತದಲ್ಲಿ ಗಣಿಯೊಳಗೆ ಸುಟ್ಟುಹೋದ ಹನ್ನೊಂದು ಜನರಲ್ಲಿ ಒಬ್ಬನ ಹೆಂಡತಿ. ಗಣಿಗಾರರ ದಿನದಂದು ಕಂಪನಿಗೆ ಕೃತಜ್ಞತೆ ಹೇಳಲು ಅವಳಿಗೊಂದು ಕಾಗದ ಬರೆದುಕೊಟ್ಟಿದ್ದರು. ಅದನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡು ಅವಳು ಮೈದಾನದ ವೇದಿಕೆಯಲ್ಲಿ ಮಾತಾಡುತ್ತಿದ್ದಳು.

"ಗ್ಯಾಸ್ ಅಳೆಯೋ ಯಂತ್ರಕ್ಕೆ ಕೋಟು ಹೊದಿಸಿದ್ರು. ಅದು ಕೂಗಿಕೊಂಡ್ರೆ ಕೆಲಸ ನಿಲ್ಲುತ್ತಲ್ಲ, ಅದಕ್ಕೆ. ಹೊದಿಸು ಅಂದಿದ್ದು ಯಾರು ಅಂತ ನಮ್ಮನೆಯವರು ನನಗೆ..."

"ನಿನ್ನ ಗಂಡ ಈಗ ಗಣೀಲಿ ಯಾವ ಪಾಳಿಯಲ್ಲಿದಾನಮ್ಮ?" ಎಂದು ದೌಲೆತ್ ಮರ್ಜಾನಳನ್ನು ಕೇಳಿದ. ಭವನದ ನಿರ್ದೇಶಕನಾದ ಅವನು ಎಂದೂ ದನಿ ಏರಿಸಿದವನಲ್ಲ.

ಮರ್ಜಾನ್ ಗುಂಡಿ ಒತ್ತಿದಳು.

ಹನ್ನೆರಡು ಕಂಬಗಳೂ ಒಟ್ಟಿಗೆ ಮೂಕವಾದವು. ಪಟ್ಟಿಗಳು ಮಾತ್ರ ಏರಿಳಿಯುತ್ತಲೇ ಇದ್ದವು. ಕುಲ್ಯಾಶ್ ಇನ್ನೂ ಮಾತಾಡುತ್ತಿದ್ದಳು. ಆ ಹೆಸರು ಹೇಳಿದ್ದು ಆಗಲೇ ಇರಬೇಕು, ಪಟ್ಟಿಗಳು ಒಮ್ಮೆಲೇ ತುದಿ ಮುಟ್ಟಿ ಕೆಂಪಾದವು.

ಮೇಜಿನ ಮೇಲಿನ ವಾಕಿಟಾಕಿ ಗೊರಗುಟ್ಟಿತು. "ಮರ್ಜಾನ್, ನಿನ್ನ ಪರದೆ ಏನನ್ನುತ್ತೆ?"

ಎರ್ಮೆಕ್ ಅಗಾಯ್. ಆ ಧ್ವನಿವರ್ಧಕದ ಡಬ್ಬಗಳನ್ನು ಕೈಯಾರೆ ಕಂಬಕ್ಕೇರಿಸಿ ಒಂದರಿಂದ ಒಂದಕ್ಕೆ ತಂತಿ ಎಳೆದವನು. ಮೂವತ್ತೆಂಟು ವರ್ಷದಿಂದ ಈ ಭವನದಲ್ಲಿದ್ದವನು. ಮರ್ಜಾನಳಿಗೆ ಕೆಲಸ ಕಲಿಸಿ ಅವಳಿಂದ ಅಗಾಯ್, ಅಂದರೆ ಮೇಷ್ಟ್ರು, ಅನ್ನಿಸಿಕೊಂಡವನು.

ದೌಲೆತ್ ಬೇಡವೆಂದು ತಲೆಯಾಡಿಸಿದ.

"ಏನೂ ಬರ್ತಿಲ್ಲ ಅಗಾಯ್. ಎಲ್ಲಾ ಬೂದು. ಸಂಪರ್ಕ ಹೋಗಿದೆ."

"ಹಂಗಾದ್ರೆ ಮೊದಲನೇ ಕಂಬವೇ. ಸರಪಳಿ ಶುರುವಾಗೋದು ಅಲ್ಲಿಂದ ತಾನೆ."

ಅರವತ್ತೆರಡರ ಮುದುಕ ಆಗಸ್ಟಿನ ಬಿಸಿಲಲ್ಲಿ ಏಣಿ ಹೊತ್ತು ಓಡುವುದು ಕಿಟಕಿಯಿಂದ ಕಾಣುತ್ತಿತ್ತು. ಕೆಳಗಿನಿಂದ ಯಾರೋ ಕೂಗಿದರು: "ತಾತ, ಅದಕ್ಕೂ ಒಂದು ಲೋಟ ವೋಡ್ಕಾ ಕುಡಿಸು, ಬಾಯಿ ಬಿಡುತ್ತೆ." ಜನ ನಕ್ಕರು. ಕುಲ್ಯಾಶ್ ಮೈಕನ್ನು ತಟ್ಟಿದಳು, ಬರಿಗಂಟಲಲ್ಲಿ ಕೂಗಿದಳು. ಅಷ್ಟರಲ್ಲಿ ಯಾರೋ ಸನ್ನೆ ಮಾಡಿರಬೇಕು, ಹಿತ್ತಾಳೆ ವಾದ್ಯದವರು ಶುರುಮಾಡಿದರು. ಅವರಿಗೆ ಧ್ವನಿವರ್ಧಕ ಬೇಕಿರಲಿಲ್ಲ.

ಬೇಕೆಂತಲೇ ಬಾಯಿ ಮುಚ್ಚಿಸಿದರೆಂದು ಊರು ಆಡಿಕೊಂಡಿತು. ಇಲ್ಲ, ಯಂತ್ರ ಕೆಟ್ಟಿತ್ತು ಎನ್ನಬೇಕಾದರೆ ಅದನ್ನು ಕೆಡಿಸಿದವನೊಬ್ಬ ಬೇಕಾಯಿತು.

"ಎರ್ಮೆಕ್‌ನ ಕೆಲಸದಿಂದ ಬಿಡಿಸ್ತಾರೆ, ಅಷ್ಟೇ," ಎಂದ ದೌಲೆತ್. "ಪಿಂಚಣಿಗೆ ಒಂದು ವರ್ಷ ಉಳಿದಿತ್ತು ಅನ್ನೋದು ನಿಜ. ಆದ್ರೆ ನೇಣಿಗೇನೂ ಹಾಕಲ್ವಲ್ಲ."

ಯಾರು, ಯಾವ ಗಳಿಗೆಯಲ್ಲಿ, ಯಾವ ಗುಂಡಿ ಒತ್ತಿದರು ಎಂಬುದನ್ನು ಕಂಪ್ಯೂಟರ್ ಬರೆದಿಟ್ಟುಕೊಳ್ಳುತ್ತದೆ. ದೌಲೆತ್‌ಗೆ ಅದು ಗೊತ್ತಿರಲಿಲ್ಲ. ಮರ್ಜಾನ್ ಆ ಸಾಲನ್ನು ಹುಡುಕಿ ತೆಗೆದು ಎರಡು ಸಲ ಓದಿದಳು. ಹನ್ನೆರಡು ಗಂಟೆ ನಲವತ್ತೊಂದು ನಿಮಿಷ, ಎಲ್ಲ ಧ್ವನಿವರ್ಧಕ ಬಂದ್, ಮರ್ಜಾನ್. ಆಮೇಲೆ ಅಳಿಸಿದಳು. ಅಳಿಸೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಬುಧವಾರ ಎರ್ಮೆಕ್ ಮೇಲೆ ಬಂದ. ಹೆಂಡತಿ ಕರಿದುಕೊಟ್ಟ ಬೌರ್ಸಾಕ್ ಹಿಟ್ಟುಂಡೆಗಳ ಗಂಟನ್ನು ಮೇಜಿನ ಮೇಲಿಟ್ಟು ಕೂತ.

"ತಪ್ಪು ನಂದೇ ಅಂತ ಬರೆದುಕೊಟ್ಟು ಬಂದೆ."

"ಯಾಕೆ ಬರೆದ್ರಿ ಅಗಾಯ್?"

"ದೌಲೆತ್ ಒಬ್ಬನ ಮಾತಾಗಿದ್ರೆ ಉಗಿದು ಬರ್ತಿದ್ದೆ. ಗಣಿ ಹುಡುಗರೂ ಬಂದಿದ್ರು. ನಿನ್ನ ಯಂತ್ರ ಸರಿಯಾಗೇ ಇತ್ತು, ಯಾರೋ ಆರಿಸಿದ್ರು ಅಂತ ಬರಿ, ನಾವು ನಿನ್ನ ಹಿಂದಿದೀವಿ ಅಂದ್ರು. ಆಗಲ್ಲಪ್ಪ ಅಂದೆ. ನಮ್ಮ ಮರ್ಜಾನ್ ಕಣ್ಣಾರೆ ನೋಡಿದಾಳೆ, ಅವಳು ಬೂದು ಅಂದ್ರೆ ಬೂದು." ಅವನು ಅಂಗೈ ತಿರುಗಿಸಿ ತನ್ನ ಬೆರಳುಗಳನ್ನು ನೋಡಿಕೊಂಡ. "ನಾನು ಬಿಗಿದ ಪ್ಲಗ್ಗು ಹೆಂಗೆ ಸಡಿಲಾಯ್ತೋ, ಅದೊಂದೇ ತಿಳೀತಿಲ್ಲ. ಕೈಯಲ್ಲಿ ಕಸುವು ಹೋಯ್ತೇನೋ. ಕುಲ್ಯಾಶ್ ಮನೆಗೂ ಹೋಗಿದ್ದೆ. ನಿನ್ನ ಮಾತು ನನ್ನಿಂದ ಮುಳುಗಿತು, ಕ್ಷಮಿಸಮ್ಮ ಅಂದೆ. ಬಾಗಿಲೇ ತೆಗೀಲಿಲ್ಲ."

"ಅಗಾಯ್," ಎಂದಳು ಮರ್ಜಾನ್.

ಅವನು ತಲೆಯೆತ್ತಿದ. ಎರಡನೇ ಪಾಳಿಯ ಸೈರನ್ ಗಣಿಯ ಕಡೆಯಿಂದ ಕೇಳಿಸಿತು. ಅವಳ ಗಂಡ ಈಗ ಗಣಿಯ ಲಿಫ್ಟಿನ ಪಂಜರದೊಳಗೆ ನಿಂತು ಕೆಳಗಿಳಿಯುತ್ತಿರುತ್ತಾನೆ.

"ಚಾ ಹಾಕ್ಲಾ?"

"ಹಾಕು. ಹಾಲು ಜಾಸ್ತಿ ಇರಲಿ."

ಎರಡು ಬಟ್ಟಲು ಕುಡಿದು, ಮೂರನೆಯದಕ್ಕೆ ಅಂಗೈ ಅಡ್ಡ ಹಿಡಿದು ಅವನು ಎದ್ದ. ಬೀಗದ ಕೈಗಳನ್ನು ಶುಕ್ರವಾರ ಒಪ್ಪಿಸಬೇಕಿತ್ತು. "ಯಾವ ಪ್ಲಗ್ಗು ಸಡಿಲಾಗಿತ್ತು ಅಂತ ಅಷ್ಟರೊಳಗೆ ಹುಡುಕ್ತೀನಿ," ಎಂದ. "ಗೊತ್ತಾಗದೆ ಮನೆಗೆ ಹೋದ್ರೆ ನಿದ್ದೆ ಬರಲ್ಲ."

ಮರುದಿನ ಬೆಳಗ್ಗೆ ಮರ್ಜಾನ್ ಕಂಪ್ಯೂಟರ್ ಹಚ್ಚಿದಾಗ ಮೈದಾನದಲ್ಲಿ ಯಾರಿದ್ದಾರೆಂದು ಅವಳು ಕಿಟಕಿಗೆ ಹೋಗಿ ನೋಡಲಿಲ್ಲ. ಪರದೆಯಲ್ಲಿ ಹನ್ನೆರಡು ಚೌಕಗಳೂ ಹಸಿರಾಗಿದ್ದವು. ಇದ್ದಕ್ಕಿದ್ದಂತೆ ಎಲ್ಲವೂ ಬೂದಾದವು, ಪ್ಲಗ್ಗೊಂದನ್ನು ಬಿಚ್ಚಿ ಬಿಗಿಯುವಷ್ಟು ಹೊತ್ತಿಗೆ ಮತ್ತೆ ಹಸಿರಾದವು. ಏಣಿ ಹೊತ್ತು ಮುಂದಿನ ಕಂಬಕ್ಕೆ ನಡೆಯುವಷ್ಟು ಸಮಯ ಕಳೆಯಿತು. ಈ ಸಲ ಮೊದಲನೆಯದು ಉಳಿಯಿತು, ಎರಡರಿಂದಾಚೆಗೆ ಬೂದಾದವು. ಆಮೇಲೆ ಮೂರರಿಂದಾಚೆಗೆ. ಮಧ್ಯಾಹ್ನದ ಹೊತ್ತಿಗೆ ಹನ್ನೆರಡನೆಯ ಚೌಕವೊಂದೇ ಆರಿ, ಬಹಳ ತಡವಾಗಿ ಹೊತ್ತಿತು.

ಅವಳು ಮೇಜಿನ ಅಂಚು ಹಿಡಿದು ಕಾದಳು. ಚೌಕಗಳು ಕದಲಲಿಲ್ಲ. ಇನ್ನೇನು ಎದ್ದೇಳಬೇಕು, ಒಂದರಿಂದ ಹನ್ನೆರಡರವರೆಗೆ ಎಲ್ಲವೂ ಮತ್ತೆ ಬೂದಾದವು. ಏಣಿ ಮೊದಲನೇ ಕಂಬಕ್ಕೆ ಮರಳಿತ್ತು.