ಕಿಟಕಿ ಮುಚ್ಚಿದ ದಾಸವಾಳ

ಮನೆಯ ಸುತ್ತಲಿನ ಹೂವಿನ ಪಾತಿಗಳೆಲ್ಲ ಅತ್ತೆಯವು. "ಒಂದೆಲೆ ಮುಟ್ಟಬೇಡ" ಎಂದು ಅವರು ಸೊಸೆಗೆ ಹೇಳಿ ನಾಲ್ಕು ವರ್ಷವಾಗಿತ್ತು. ಆಮೇಲೆ ಅವರಿಗೆ ಮಂಡಿನೋವು ಶುರುವಾಯಿತು. ಹೇಳೋರು ಕೇಳೋರು ಇಲ್ಲದೆ ಬೆಳೆದ ದಾಸವಾಳ ಸೊಸೆಯ ಹೊಲಿಗೆ ಕೋಣೆಯ ಕಿಟಕಿಯನ್ನೇ ಮುಚ್ಚಿತು. ಹಾಡುಹಗಲೇ ದೀಪ ಹಾಕಿಕೊಂಡು ಹೊಲಿಯುತ್ತಿದ್ದ ಅವಳು ಒಂದು ಬೆಳಿಗ್ಗೆ ಗಿರಾಕಿಯ ಕಪ್ಪು ಕೋಟಿಗೆ ಕಡುನೀಲಿ ದಾರ ಹಾಕಿಬಿಟ್ಟಳು. ಅದನ್ನು ಬಿಚ್ಚುವಷ್ಟರಲ್ಲಿ ತಾಳ್ಮೆ ಕೆಟ್ಟಿತು. ಅತ್ತೆ ಸ್ನಾನಕ್ಕೆ ಹೋದದ್ದೇ ತಡ, ಗಿಡದ ಕತ್ತರಿಗಾಗಿ ಮನೆಯೆಲ್ಲ ಹುಡುಕಿ, ಅದನ್ನು ಹಿಡಿದು ಹೊರಗೆ ಬಂದಳು.

ಎರಡು ತುದಿ ಕತ್ತರಿಸಿದ್ದಳೋ ಇಲ್ಲವೋ, ಹಿಂದಿನಿಂದ ದನಿ ಬಂತು.

"ಏನೇ ಅದು?"

ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡಿದ್ದ ಅತ್ತೆ ಕತ್ತರಿ ಕಿತ್ತುಕೊಂಡರು.

"ಹಿಂಗಾ ಕತ್ತರಿಸೋದು? ಬಟ್ಟೆ ಅಂಚು ಅಂದ್ಕೊಂಡ್ಯಾ? ಸರಿ ಆ ಕಡೆ!" ಎಂದವರೇ ಕೊಂಬೆಗಳನ್ನು ಮೊಣಕಾಲೆತ್ತರಕ್ಕೆ ಇಳಿಸತೊಡಗಿದರು.

"ಅತ್ತೆ, ಮುಟ್ಟಬೇಡ ಅಂದಿದ್ರಲ್ಲ!"

"ನಿಂಗೆ ಬರಲ್ಲ ಅಂತ ಹಂಗಂದೆ. ನನ್ನ ಕರೀಬೇಡ ಅಂದ್ನಾ? ಮಂಡಿ ಬಗ್ಗಲ್ಲ, ಕೈ ನೆಟ್ಟಗಿದೆ."

ಅತ್ತೆ ನಿಂತು ಕತ್ತರಿಸಿದರು. ಸೊಸೆ ಕೂತು ಕಳೆ ಕಿತ್ತಳು, ಒತ್ತೊತ್ತಾಗಿ ಬೆಳೆದ ಲಿಲ್ಲಿ ಗೆಡ್ಡೆಗಳನ್ನು ಬಿಡಿಸಿ ದೂರ ದೂರ ನೆಟ್ಟಳು. ಸಂಜೆಯ ಹೊತ್ತಿಗೆ ಎಲ್ಲ ಪಾತಿಗಳೂ ಮುಗಿದವು. ಪಕ್ಕದ ಮನೆಯಾತ ಗೇಟಿನ ಬಳಿ ನಿಂತು, ಗಿಡಗಳ ಮರೆ ಸರಿದು ಎದ್ದು ಕಾಣುತ್ತಿದ್ದ ಗೋಡೆಗಳನ್ನು ನೋಡಿ, "ಮನೆಗೆ ಹೊಸ ಬಣ್ಣ ಹೊಡೆಸಿದ್ರಾ?" ಎಂದು ಕೇಳಿದ.

"ಹ್ಞೂಂ, ನಾವಿಬ್ರೇ ಹೊಡೆದ್ವಿ" ಎಂದರು ಅತ್ತೆ, ಮುಖ ಸಡಿಲಿಸದೆ. ಸೊಸೆ ನಗು ತಡೆಯಲಾರದೆ ಕಳೆಯ ಬುಟ್ಟಿ ಎತ್ತಿಕೊಂಡು ಮನೆಯ ಹಿಂದಕ್ಕೆ ಓಡಿದಳು.